ಅವಸರದ ಅಪ್‌ಲೋಡು

ನನ್ನಲ್ಲೊಂದು ದೌರ್ಬಲ್ಯವಿದೆ, ಮೊದಲೇ ಹೇಳಿಬಿಡುತ್ತೇನೆ. ನಾನು ಬರೆದ ಸಾಫ್ಟ್‌ವೇರ್ ಕೈಕೊಟ್ಟಿತೆಂದು ಯಾರಾದರೂ ದೂರಿದರೆ ನನಗೆ ಮೊದಲು ಅನುಮಾನ ಬರುವುದು ಅವರ ಕಂಪ್ಯೂಟರಿನ ಮೇಲೆ. ಆಮೇಲೆ ಅವರ ವೈಫೈ ಮೇಲೆ. ಅದೂ ಸರಿಯಿದ್ದರೆ ಅವರ ಬುದ್ಧಿಯ ಮೇಲೆ. ನನ್ನ ಸರದಿ ಬರುವಷ್ಟರಲ್ಲಿ ದೂರಿದವರೇ ಸುಸ್ತಾಗಿ ಫೋನ್ ಇಟ್ಟಿರುತ್ತಾರೆ. ದೆಹಲಿಗೆ ಬಂದಮೇಲೆ ಒಂಬತ್ತು ವರ್ಷ ಈ ಕ್ರಮ ಚೆನ್ನಾಗಿಯೇ ನಡೆದಿತ್ತು.

ಅದನ್ನು ಕೆಡಿಸಿದವರು ಮೆಹ್ರಾ. ಓಖ್ಲಾದಲ್ಲಿ ನಮ್ಮ ಆಫೀಸಿನಿಂದ ಎರಡು ಗಲ್ಲಿ ಆಚೆ ಅವರ ಪ್ರೆಸ್ಸು; ಮದುವೆಯ ಆಲ್ಬಮ್ ಅಚ್ಚು ಹಾಕುತ್ತಾರೆ. ಗಿರಾಕಿಗಳು ಬರುವ ಅಂಗಡಿ ಇರುವುದು ದೂರದ ಕರೋಲ್ ಬಾಗ್‌ನಲ್ಲಿ. ಅಚ್ಚಿಗೆ ಮೊದಲು ಗಿರಾಕಿಗಳಿಗೆ ತೋರಿಸಲೆಂದು ಇಲ್ಲಿಂದ ಅಲ್ಲಿಗೆ ಭಾರೀ ಗಾತ್ರದ ಫೋಟೊ ಫೈಲುಗಳನ್ನು ಕಳಿಸಲು ನಮ್ಮ ಕಂಪನಿಯ ಸಾಫ್ಟ್‌ವೇರ್ ಬಳಸುತ್ತಾರೆ. ಅದರ ಹೊಸ ಆವೃತ್ತಿ ನನ್ನದೇ ಕೈಕೆಲಸ. ಮೀಟಿಂಗಿನಲ್ಲಿ ತೋರಿಸಿದ ದಿನ ಎಷ್ಟು ಕಳಿಸಿಯಾಯಿತೆಂದು ಪರದೆಯ ಮೇಲೆ ತೋರಿಸುವ ಹಸಿರು ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಕೊನೆ ಮುಟ್ಟಿ, ಎಲ್ಲರೂ ಚಪ್ಪಾಳೆ ತಟ್ಟಿದ್ದರು. ವೇಗ ನನಗೆ ಹುಟ್ಟುಗುಣ. ಶಾಲೆಯಲ್ಲೂ ಗಣಿತದ ಪರೀಕ್ಷೆ ಬರೆದು ಎಲ್ಲರಿಗಿಂತ ಮೊದಲು ಹೊರಬರುತ್ತಿದ್ದೆ. ಅಂಕಗಳ ವಿಷಯ ಇಲ್ಲಿ ಅಪ್ರಸ್ತುತ.

ಒಂದು ಮಧ್ಯಾಹ್ನ ಮೆಹ್ರಾ ಫೋನ್ ಮಾಡಿ ಹಿಂದಿಯಲ್ಲಿ ಗೋಗರೆದರು: "ಸಾಬ್, ಕಂಪ್ಯೂಟರ್ ಹ್ಯಾಂಗ್ ಆಗಿದೆ. ಮದುಮಗಳ ಅಪ್ಪ ಅಂಗಡಿಗೆ ಬಂದು ಆಲ್ಬಮ್ ನೋಡಬೇಕು ಅಂತ ಕೂತಿದ್ದಾರೆ!"

ಹೋಗಿ ನೋಡಿದೆ. ಎರಡನೇ ಫೈಲು ಹೋಗುವಷ್ಟರಲ್ಲಿ ಮೆಮೊರಿಯೆಲ್ಲ ತುಂಬಿ, ಮೌಸ್ ಕೂಡ ಅಲುಗುತ್ತಿರಲಿಲ್ಲ. "ಮೆಮೊರಿ ಕಡಿಮೆಯಿದೆ, ಇನ್ನಷ್ಟು ಹಾಕಿಸಿ" ಎಂದು ವೈದ್ಯರ ಗತ್ತಿನಲ್ಲಿ ಹೇಳಿದೆ. ಪಾಪ, ಒಂದು ಗಂಟೆಯೊಳಗೆ ತರಿಸಿ ಹಾಕಿಸಿದರು. ಈ ಸಲ ಕಂಪ್ಯೂಟರ್ ಐದನೇ ಫೈಲಿಗೆ ನಿಂತಿತು. "ನೋಡಿ, ಎಷ್ಟು ಸುಧಾರಣೆ!" ಎಂದೆ. ಮೆಹ್ರಾ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ತಾವೇ ಮೆಟ್ರೊ ಹಿಡಿಯಲು ಹೊರಟರು. ನನಗೆ ಮುಖ ಎತ್ತಲಾಗಲಿಲ್ಲ.

ಆಫೀಸಿಗೆ ಮರಳಿ, ಬೀದರಿನಿಂದ ಬಂದಿರುವ ಸಹೋದ್ಯೋಗಿ ಶಾಹೀನ್ ಮುಂದೆ ಗೊಣಗಿದೆ. ಆಕೆ ನನ್ನ ಪ್ರೋಗ್ರಾಮ್ ತೆರೆದು ಐದು ನಿಮಿಷ ಓದಿದಳು.

"ಸರ್, ಡಿಸ್ಕಿನಿಂದ ಓದೋದು ಜೋರು, ನೆಟ್ ಲೈನಲ್ಲಿ ಹೋಗೋದು ನಿಧಾನ. ಹೋಗದೆ ಉಳಿದದ್ದೆಲ್ಲ ಮೆಮೊರೀಲಿ ಗುಡ್ಡೆ ಬೀಳ್ತಿದೆ. ಫೈಲಿನ ಮೊದಲಿನ ತುಂಡು ಹೋಗೋವರೆಗೂ ಮುಂದಿನದನ್ನ ಓದಬಾರದು ಅಂತ ಇಲ್ಲೊಂದು ಸಾಲು ಇರಬೇಕಿತ್ತಲ್ಲ?"

"ಹಳೇ ಆವೃತ್ತೀಲಿ ಇತ್ತು."

"ತೆಗೆದದ್ದು ಯಾರು?"

ಯಾರೆಂದು ಪರದೆಯ ಮೇಲೆ ಹೆಸರು, ತಾರೀಖು ಸಮೇತ ಕಾಣುತ್ತಿತ್ತು. ಪಕ್ಕದಲ್ಲಿ ನನ್ನದೇ ಟಿಪ್ಪಣಿ: 'ಸುಮ್ಮನೆ ಕಾಯಿಸುವ ಸಾಲನ್ನು ತೆಗೆಯಲಾಗಿದೆ.' ಮೀಟಿಂಗಿನಲ್ಲಿ ಓಡಿದ ಪಟ್ಟಿ ಲೆಕ್ಕ ಹಾಕಿದ್ದು ಡಿಸ್ಕಿನಿಂದ ಓದಿದ್ದನ್ನು, ತಲುಪಿದ್ದನ್ನಲ್ಲ ಎಂಬುದೂ ಆಗಲೇ ತಿಳಿಯಿತು. ಶಾಹೀನ್ ದೊಡ್ಡ ಮನಸ್ಸಿನವಳು. "ಅಚ್ಛಾ" ಎಂದಷ್ಟೇ ಹೇಳಿ ಚಹಾಕ್ಕೆ ಎದ್ದುಹೋದಳು.

ಆ ಸಾಲನ್ನು ಮತ್ತೆ ಸೇರಿಸಿದೆ. ಮರುದಿನ ಮೆಹ್ರಾ ಅವರ ಪ್ರೆಸ್ಸಿನಲ್ಲಿ ನಲವತ್ತು ಫೈಲು ಕಳಿಸಿ ನೋಡಿದೆವು. ಪಟ್ಟಿ ನಿಧಾನವಾಗಿ ಸರಿಯಿತು, ಮೆಮೊರಿ ತುಂಬದೆ ಇದ್ದಲ್ಲೇ ಇತ್ತು. ನಲವತ್ತೂ ತಲುಪಿದವೆಂದು ಕರೋಲ್ ಬಾಗ್‌ನಿಂದ ಫೋನ್ ಬಂತು.

'ತಪ್ಪು ನಿಮ್ಮ ಕಂಪ್ಯೂಟರಿನದಲ್ಲ, ನನ್ನದು' ಎಂದು ಹೇಳಲು ಬರುವಾಗಲೇ ಹಿಂದಿಯಲ್ಲಿ ವಾಕ್ಯ ಜೋಡಿಸಿಕೊಂಡಿದ್ದೆ. ಆದರೆ ಹಾಕಿಸಿದ ಮೆಮೊರಿಯೇ ಕೊನೆಗೂ ಕೆಲಸ ಮಾಡಿತೆಂದುಕೊಂಡ ಮೆಹ್ರಾ ಆಗಲೇ ಪಕ್ಕದ ಪ್ರೆಸ್ಸಿನ ಮಾಲೀಕರನ್ನು ಕರೆತಂದು, "ಇವರೇ ನೋಡಿ. ಮೆಮೊರಿ ಹಾಕಿಸಿ ಅಂತ ಒಂದೇ ನೋಟಕ್ಕೆ ಹೇಳಿದವರು. ನಿಮ್ಮ ಕಂಪ್ಯೂಟರನ್ನೂ ತೋರಿಸಿಬಿಡಿ" ಎನ್ನುತ್ತಿದ್ದರು. ನಿಜ ಹೇಳಲೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮೆಹ್ರಾ ಬಿಸಿ ಸಮೋಸಾದ ತಟ್ಟೆಯನ್ನು ಮುಂದಿಟ್ಟರು. ಬಾಯಿ ಹೇಗೂ ತೆರೆದೇ ಇತ್ತು, ಸಮೋಸಾ ಇಟ್ಟುಕೊಂಡೆ.