ಷಡ್ಡಕನೂ ನಾನೂ ಮಾರಿದ ಮನೆಗಳು

ಹಳೆ ಮನೆ ಕೊಂಡು, ರಿಪೇರಿ ಮಾಡಿಸಿ, ಸುಣ್ಣಬಣ್ಣ ಹೊಡೆಸಿ ಲಾಭಕ್ಕೆ ಮಾರುವವನ ಬಾಳಿನಲ್ಲಿ ನಗೆಯ ಪ್ರಸಂಗಗಳಿಗೆ ಬರವಿಲ್ಲ. ತೊಂದರೆ ಏನೆಂದರೆ, ನಗುವ ಸರದಿ ಯಾವಾಗಲೂ ಬೇರೆಯವರದು. ನನ್ನ ವಿಷಯದಲ್ಲಿ ಆ ಬೇರೆಯವರು ಒಬ್ಬನೇ ಒಬ್ಬ: ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಎದುರಿಗೆ ಸಿಕ್ಕರೆ 'ರೀ' ಹಚ್ಚಿ ಮಾತಾಡಿಸುತ್ತೇನೆ. ಇಲ್ಲಿ ಅದರ ಅಗತ್ಯ ಕಾಣುವುದಿಲ್ಲ.

ಹೈದರಾಬಾದು ಇನ್ನೂ ಇಡೀ ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲ. ಸರ್ಕಾರಿ ಕಾರ್ಖಾನೆಯ ನೌಕರಿ ಬಿಟ್ಟು ನಾನು ಈ ಧಂದೆಗೆ ಇಳಿದೆ. ನನ್ನನ್ನು ನೋಡಿ ಅವನೂ ಇಳಿದ. ನಾನು ಒಂದು ಮನೆ ಮಾರುವಷ್ಟರಲ್ಲಿ ಅವನು ಎರಡು ಮಾರುತ್ತಿದ್ದ. ಅವನಿಗೆ ನನಗಿಂತ ಬುದ್ಧಿ ಜಾಸ್ತಿ ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ತಲೆಯಲ್ಲಿ ಕೂದಲು ಜಾಸ್ತಿ, ಅಷ್ಟೆ. ಆದರೆ ಅಕ್ಕ ತಂಗಿ ಫೋನಿನಲ್ಲಿ ಮಾತಾಡುವಾಗ ನನ್ನ ಹೆಂಡತಿ, "ಭಾವಾರ ಕೈಗುಣ ಭಾಳ ಚೊಲೋ ಐತಿ ಬಿಡಕ್ಕ" ಅನ್ನುವುದು ನನ್ನ ಕಿವಿಗೆ ಬೀಳುತ್ತಿತ್ತು. ನನಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಒಂದೇ ಒಂದು ಸಲ ಅವಳು, "ಈ ಸಲ ನಮ್ಮ ಮನಿಯವರು ನಿಮ್ಮ ಮನಿಯವರನ್ನ ಮೀರಿಸಿದ್ರು ನೋಡಕ್ಕ" ಎನ್ನಬೇಕು, ಅದನ್ನು ನಾನು ಕೇಳಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ದುಡ್ಡು ಆಮೇಲಿನ ಮಾತು.

೧. ಮಾರಿದವರ ಹೊಟ್ಟೆನೋವು

ಹೊಟ್ಟೆಕಿಚ್ಚು ನನ್ನೊಬ್ಬನ ಆಸ್ತಿ ಎಂದುಕೊಂಡಿದ್ದೆ. ಅಲ್ಲ ಎಂದು ಗೊತ್ತಾದದ್ದು ಊರಂಚಿನ ಕುಷಾಯಿಗೂಡದಲ್ಲಿ. ಕಲಬುರಗಿ ಕಡೆಯವರೊಬ್ಬರ ಹತ್ತಿರ ಹಳೆ ಮನೆ ಕೊಂಡೆ. ಕಿಟಕಿಗೆ ಹಬ್ಬಿದ್ದ ಬಳ್ಳಿ ಕಡಿಸಿದೆ, ಗಾಜು ಒರೆಸಿದೆ, ಗೋಡೆಗೆ ತಿಳಿ ಹಳದಿ ಬಣ್ಣ ಹೊಡೆಸಿದೆ. ಅಷ್ಟಕ್ಕೇ ಮನೆ ಮದುವೆ ಹೆಣ್ಣಿನ ಹಾಗೆ ಕಾಣತೊಡಗಿತು.

ಒಂದು ಸಂಜೆ ಮಾರಿದವರೂ ಅವರ ಹೆಂಡತಿಯೂ ಆ ದಾರಿಯಲ್ಲಿ ಬಂದರು. ಆಕೆ ಗೇಟಿನ ಮುಂದೆ ನಿಂತುಬಿಟ್ಟರು.

"ಎಷ್ಟ್ ಚಂದ ಐತ್ರಿ ಈ ಮನಿ! ಇಂಥಾದ್ದು ಒಂದು ನಮಗೂ ಇದ್ದಿದ್ದರ..." ಎಂದರು.

"ಇದು ನಮ್ಮದೇ ಇತ್ತಲ್ಲ" ಎಂದರು ಗಂಡ, ಮೆಲ್ಲಗೆ.

ಆಕೆ ನಂಬಲಿಲ್ಲ. ಒಳಗೆ ಹೋಗಿ ದೇವರಮನೆಯ ಗೂಡು ನೋಡಿದ ಮೇಲೆ ನಂಬಿದರು. ಆಮೇಲೆ ನಡುಮನೆಯಲ್ಲಿ ನಿಂತು ಗಂಡನಿಗೆ ಮಾಡಿದ ಪೂಜೆಯನ್ನು ಇಡೀ ಗಲ್ಲಿ ಕೇಳಿತು. "ಇಷ್ಟ್ ಬೆಳಕಿನ ಮನ್ಯಾಗ ನನ್ನ ಇಷ್ಟ್ ವರ್ಷ ಕತ್ತಲ್ದಾಗ ಇಟ್ಟಿದ್ರಿ!"

ಹೋಗುವಾಗ ಆಕೆ ನನ್ನ ಕಡೆ ತಿರುಗಿ ಕೇಳಿದರು: "ಈಗ ನಾವಿರೋದು ಬಾಡಿಗಿ ಮನಿರಿ. ಅದನ್ನೂ ನಿಮಗ ಮಾರಿದರ ಹಿಂಗ ಮಾಡಿ ಕೊಡತೀರೇನು?"

೨. ವಾಸನೆಯ ವ್ಯಾಪಾರ

ಷಡ್ಡಕನ ಮನೆಗಳು ಹೇಗೆ ಬೇಗ ಬೇಗ ಮಾರಾಟವಾಗುತ್ತವೆ ಎಂದು ಪತ್ತೆ ಹಚ್ಚಲು ನಾನು ಬಹಳ ಒದ್ದಾಡಿದೆ. ಕೊನೆಗೆ ಗುಟ್ಟು ನನ್ನ ಮನೆಯಲ್ಲೇ ಸಿಕ್ಕಿತು. ಗಿರಾಕಿ ಬರುವ ಹೊತ್ತಿಗೆ ಅವನು ಖಾಲಿ ಮನೆಯಲ್ಲಿ ಒಲೆ ಹೊತ್ತಿಸಿ, ಒಗ್ಗರಣೆ ಹಾಕಿಸಿ, ಏನಾದರೂ ಕರಿಸುತ್ತಿದ್ದನಂತೆ. ಬಂದವರಿಗೆ ಅದು ಸಂಸಾರದ ಮನೆ ಅನ್ನಿಸುತ್ತಿತ್ತಂತೆ. ಸರಿ, ಕರಿಯುತ್ತಿದ್ದವರು ಯಾರು? ನನ್ನ ಹೆಂಡತಿ!

"ಅಕ್ಕ ಕರದ್ಲು, ಹೋದೆ. ಅದ್ರಾಗೇನೈತಿ?" ಎಂದಳು.

ಅದರಲ್ಲಿ ಏನಿದೆಯೇ? ನನ್ನ ಹೆಂಡತಿಯ ಕೈರುಚಿ, ಅವನ ಲಾಭ! ಮುಂದಿನ ಭಾನುವಾರ ನನ್ನ ಮನೆ ನೋಡಲು ಒಂದು ಕುಟುಂಬ ಬರುವುದಿತ್ತು. ಅವಳನ್ನು ಬಾಣಲೆಯ ಸಮೇತ ಕರೆದುಕೊಂಡು ಹೋದೆ. ವಾಸನೆ ಸಾಲದು, ತಿನ್ನಿಸಿಯೇ ಬಿಡೋಣ ಎಂದು ನಿರ್ಧರಿಸಿದೆ. ಷಡ್ಡಕನಿಗಿಂತ ಒಂದು ಹೆಜ್ಜೆ ಮುಂದೆ ಇರಬೇಕಲ್ಲ.

ಬಂದವರು ಬಜ್ಜಿ ತಿಂದರು. ಚಹಾ ಕುಡಿದರು. ಮತ್ತೆ ಬಜ್ಜಿ ತಿಂದರು. ಫೋನು ಮಾಡಿ ಪಕ್ಕದ ಕಾಲೊನಿಯ ಭಾವಮೈದುನನನ್ನೂ ಕರೆಸಿದರು. ಕತ್ತಲಾಗುವವರೆಗೂ ಒಬ್ಬರೂ ಮಲಗುವ ಕೋಣೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಯಜಮಾನರು ಕೈ ಒರೆಸಿಕೊಂಡು, "ಮನೆ ನಮಗೆ ಸ್ವಲ್ಪ ಚಿಕ್ಕದಾಯಿತು. ಆದರೆ ಹೋಟೆಲಿಗೆ ಬಾಡಿಗೆ ಕೊಡುವುದಾದರೆ ನಾಳೆಯೇ ಬರುತ್ತೇನೆ. ಅಡುಗೆಗೆ ಈಯಮ್ಮ ಇರುತ್ತಾರಲ್ಲ?" ಎಂದರು.

೩. ಮನೆ ಬೇಕಾದವರು ಯಾರು?

ನಮ್ಮ ಧಂದೆಯಲ್ಲಿ ಇನ್ನೊಂದು ಪದ್ಧತಿ ಇದೆ. ಮಾಲೀಕರಿಗೆ ಸ್ವಲ್ಪ ಬಯಾನಾ, ಅಂದರೆ ಮುಂಗಡ ಕೊಟ್ಟು ಕರಾರು ಬರೆಸಿಕೊಳ್ಳುವುದು. ರಿಜಿಸ್ಟ್ರೇಷನ್ನಿನ ದಿನ ಬರುವುದರೊಳಗೆ ಆ ಕರಾರನ್ನು ಇನ್ನೊಬ್ಬನಿಗೆ ಹೆಚ್ಚಿನ ಬೆಲೆಗೆ ದಾಟಿಸುವುದು. ಮನೆ ಕೈಗೆ ಬರುವುದಿಲ್ಲ, ಲಾಭ ಬರುತ್ತದೆ.

ನಾರಾಯಣಗೂಡದಲ್ಲಿ ಬೀದರ ಕಡೆಯ ಅಜ್ಜಿಯೊಬ್ಬರ ಮನೆಗೆ ಹೀಗೆ ಕರಾರು ಮಾಡಿಕೊಂಡೆ. ಅದನ್ನು ಔಷಧ ಅಂಗಡಿಯವರೊಬ್ಬರಿಗೆ ದಾಟಿಸಿದೆ. ಜಾಣ ನಾನು ಎಂದು ಮೀಸೆ ತಿರುವುತ್ತಿರುವಾಗಲೇ ಸುದ್ದಿ ಬಂತು. ಔಷಧ ಅಂಗಡಿಯವರು ಅದನ್ನು ನನ್ನ ಷಡ್ಡಕನಿಗೆ ದಾಟಿಸಿದ್ದರು, ಅವನು ಒಬ್ಬ ಟ್ಯೂಷನ್ ಮೇಷ್ಟ್ರಿಗೆ ದಾಟಿಸಿ ನನಗಿಂತ ಎರಡು ಪಟ್ಟು ಗಳಿಸಿದ್ದ! ಮನೆ ಹುಡುಕಿದವನು ನಾನು, ಅಜ್ಜಿಯ ನಾಯಿಯಿಂದ ಕಚ್ಚಿಸಿಕೊಂಡವನು ನಾನು. ಅವನು ಆ ಮನೆಯ ಹೊಸಿಲನ್ನೂ ತುಳಿದಿರಲಿಲ್ಲ.

ರಿಜಿಸ್ಟ್ರೇಷನ್ನಿನ ದಿನ ಎಲ್ಲರೂ ಕಚೇರಿಯಲ್ಲಿ ಸೇರಿದೆವು. ಅಜ್ಜಿ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಗುಂಪು ನೋಡಿ ಗಾಬರಿಯಾದರು.

"ಇಷ್ಟ್ ಮಂದಿಗೆ ಮನಿ ಸಾಲತೈತೇನಪ್ಪಾ?" ಎಂದು ನನ್ನನ್ನು ಕೇಳಿದರು.

"ನಾನಲ್ರಿ ಅಜ್ಜಿ, ಇವರು" ಎಂದು ಔಷಧ ಅಂಗಡಿಯವರನ್ನು ತೋರಿಸಿದೆ. ಅವರು ನನ್ನ ಷಡ್ಡಕನನ್ನು ತೋರಿಸಿದರು. ಷಡ್ಡಕ ಮೇಷ್ಟ್ರನ್ನು ತೋರಿಸಿದ. ಮೇಷ್ಟ್ರು ಬಾಗಿಲ ಕಡೆ ನೋಡುತ್ತ, "ನನ್ನ ಗಿರಾಕಿ ಇನ್ನೂ ಬರಬೇಕು" ಎಂದರು. ಮಧ್ಯಾಹ್ನವಾದರೂ ಆ ಗಿರಾಕಿ ಬರಲಿಲ್ಲ.

ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡರು. "ಯಾರಿಗೂ ಬ್ಯಾಡಾದ ಮನಿ ನಾ ಯಾಕ ಬಿಡ್ಲಿ? ನಾನೇ ಇರತೀನಿ ತಗೋರಿ" ಎಂದು ಆಟೋ ಹತ್ತಿಬಿಟ್ಟರು. ನಾವು ನಾಲ್ಕೂ ಜನ ವ್ಯಾಪಾರಸ್ಥರು ಆ ಆಟೋದ ಹಿಂದೆ ಓಡಿದ್ದನ್ನು ನಾರಾಯಣಗೂಡದ ಕಾಲೇಜು ಹುಡುಗರು ಶಿಳ್ಳೆ ಹೊಡೆದು ಹುರಿದುಂಬಿಸಿದರು.

೪. ಅವಳಿ ಮನೆ

ಈಗ ಕೊನೆಯದು. ಯಾರೋ ಅಣ್ಣತಮ್ಮಂದಿರು ಒಂದೇ ನಕ್ಷೆಯಲ್ಲಿ ಕಟ್ಟಿಸಿದ ಅವಳಿ ಮನೆ. ನಡುವೆ ಒಂದೇ ಗೋಡೆ. ಕನ್ನಡಿಯಲ್ಲಿ ನೋಡಿದಂತೆ ಒಂದರ ಎಡ ಇನ್ನೊಂದರ ಬಲ. ಎರಡೂ ಉತ್ತರಕ್ಕೆ ಮುಖ. ಪೂರ್ವದ ಅರ್ಧವನ್ನು ನಾನು ಕೊಂಡೆ. ನಾನು ಕೊಂಡೆ ಎಂಬ ಒಂದೇ ಕಾರಣಕ್ಕೆ ಪಶ್ಚಿಮದ ಅರ್ಧವನ್ನು ಷಡ್ಡಕ ಕೊಂಡ. ನಾನು ಗೇಟಿಗೆ ಬಣ್ಣ ಹೊಡೆಸಿದರೆ ಅವನು ಗೇಟನ್ನೇ ಬದಲಿಸಿದ. ನಾನು ಒಂದು ತೆಂಗಿನ ಸಸಿ ನೆಟ್ಟರೆ ಅವನು ಕಾಯಿ ಬಿಟ್ಟ ಮರವನ್ನೇ ತರಿಸಿ ನೆಟ್ಟ. ಈ ಸಲ ಸೋತರೆ ಇನ್ನು ಈ ಜನ್ಮದಲ್ಲಿ ಹೆಂಡತಿಯ ಬಾಯಲ್ಲಿ ಆ ಮಾತು ಕೇಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ಪಟಾನ್‌ಚೆರುವಿನ ಲಾರಿ ಮಾಲೀಕರೊಬ್ಬರು ನೋಡಲು ಬಂದರು. ಶಾಂತ ಮನುಷ್ಯ, ಮಾತು ಕಡಿಮೆ. ನನ್ನ ಮನೆ ನೋಡಿ ತಲೆಯಾಡಿಸಿ, "ಪಕ್ಕದ್ದು ಹೇಗಿದೆ?" ಎಂದು ತೆಲುಗಿನಲ್ಲಿ ಕೇಳಿದರು. ಈ ಊರಿನಲ್ಲಿ ಜನ ಗೋಡೆ ಬಿರುಕು ಬಿಟ್ಟ ಮನೆ ಕೊಂಡಾರು, ವಾಸ್ತು ಕೆಟ್ಟ ಮನೆಯ ಮುಂದೆ ಸ್ಕೂಟರು ಕೂಡ ನಿಲ್ಲಿಸುವುದಿಲ್ಲ. ನಾನು ದನಿ ತಗ್ಗಿಸಿದೆ. "ನಾನು ಹೇಳಬಾರದು. ಆದರೂ ನಿಮ್ಮನ್ನು ನೋಡಿದರೆ ಮನಸ್ಸು ತಡೆಯುವುದಿಲ್ಲ. ನನ್ನ ಅಡುಗೆಮನೆ ಆಗ್ನೇಯದಲ್ಲಿ, ಶಾಸ್ತ್ರದ ಪ್ರಕಾರ. ಪಕ್ಕದ್ದರಲ್ಲಿ ಅದು ಮಗುಚಿ ನೈಋತ್ಯಕ್ಕೆ ಹೋಗಿದೆ. ಯಜಮಾನನಿಗೆ ಆಗಿಬರುವುದಿಲ್ಲ."

ಅವರು ನನಗೆ ಕೈಮುಗಿದು ಪಕ್ಕದ ಮನೆಗೆ ಹೋದರು. ಅಲ್ಲಿ ಷಡ್ಡಕನೂ ದನಿ ತಗ್ಗಿಸಿದ ಎನ್ನುವುದು ನನಗೆ ಹೇಗೆ ಗೊತ್ತಾಗಬೇಕು? ಮುಂದಿನ ಮೂಲೆಯ ಸಂಡಾಸು ಅವನ ಪಾಲಿನಲ್ಲಿ ವಾಯವ್ಯಕ್ಕೆ ಬಂದು ಸರಿಯಾಗಿತ್ತು. ನನ್ನ ಪಾಲಿನಲ್ಲಿ ಅದೇ ಸಂಡಾಸು ಈಶಾನ್ಯದಲ್ಲಿ, ದೇವರ ಮೂಲೆಯಲ್ಲಿ ಕೂತಿತ್ತು.

ಮರುದಿನ ಅವರು ಫೋನು ಮಾಡಿದರು. "ನನಗೆ ಇಬ್ಬರು ಗಂಡುಮಕ್ಕಳು. ಕೊಂಡರೆ ಎರಡೂ ಮನೆ ಕೊಳ್ಳುತ್ತೇನೆ, ಇಲ್ಲವಾದರೆ ಒಂದೂ ಬೇಡ. ಆದರೆ ನಿಮ್ಮ ಈಶಾನ್ಯದಲ್ಲಿ ಸಂಡಾಸು ಇದೆ ಎಂದು ತಿಳಿದವರೊಬ್ಬರು ಹೇಳಿದರು. ಬೆಲೆ ಇಳಿಸಿ."

ತಿಳಿದವರು ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ. ಷಡ್ಡಕನಿಗೂ ಅವರು ಅಡುಗೆಮನೆಯ ನೆಪ ತೆಗೆದು ಇದೇ ಮಾತು ಹೇಳಿದರು, ತಿಳಿದವರು ಯಾರೆಂದು ಅವನೂ ಕೇಳಲಿಲ್ಲ. ಅವನು ನನ್ನ ಹೆಸರೆತ್ತಿದರೆ ನಾನು ಅವನ ಹೆಸರೆತ್ತುತ್ತಿದ್ದೆ. ಇಬ್ಬರೂ ಬಾಯಿ ಮುಚ್ಚಿಕೊಂಡು ಬೆಲೆ ಇಳಿಸಿದೆವು, ಕೊಂಡದ್ದಕ್ಕಿಂತ ಕೆಳಗೆ. ಆದರೆ ಸಂಡಾಸು ಒಡೆಯುವುದು ಸುಲಭ, ಅಡುಗೆಮನೆ ಒಡೆಯುವುದು ಕಷ್ಟ. ಹಾಗಾಗಿ ಅವನು ನನಗಿಂತ ಜಾಸ್ತಿ ಇಳಿಸಬೇಕಾಯಿತು.

ರಿಜಿಸ್ಟ್ರೇಷನ್ ಮುಗಿದ ಮೇಲೆ ನಾನು, "ಒಡೆಯುವ ಕೆಲಸ ಯಾವಾಗ ಶುರು ಮಾಡುತ್ತೀರಿ?" ಎಂದು ಕೇಳಿದೆ.

"ಯಾಕೆ ಒಡೆಯಬೇಕು?" ಎಂದರು ಲಾರಿ ಮಾಲೀಕರು. "ನನಗೆ ವಾಸ್ತುವಿನಲ್ಲಿ ನಂಬಿಕೆ ಇಲ್ಲ. ನಿಮ್ಮಿಬ್ಬರಿಗೂ ಇತ್ತಲ್ಲ, ಸಾಕು."

ಆದರೂ ನಾನು ಕುಣಿಯುತ್ತಲೇ ಮನೆಗೆ ಬಂದೆ. ಲಾಭ ಹೋದರೆ ಹೋಗಲಿ, ಷಡ್ಡಕನಿಗೆ ನನಗಿಂತ ದೊಡ್ಡ ಏಟು ಬಿದ್ದಿತ್ತು! ಮನೆಯಲ್ಲಿ ಹೆಂಡತಿ ಫೋನು ಕೆಳಗಿಟ್ಟು ಮುಖ ಊದಿಸಿಕೊಂಡು ಕೂತಿದ್ದಳು.

"ನನಗ ಲುಕ್ಸಾನ್ ಆತು ಖರೆ, ನಿಮ್ಮ ಭಾವಾರಿಗೆ ಇನ್ನೂ ಜಾಸ್ತಿ ಆತು" ಎಂದೆ, ನಗು ತಡೆಯಲಾರದೆ.

"ನಗ್ರಿ, ನಗ್ರಿ" ಎಂದಳು ಅವಳು. "ಆ ಮನ್ಯಾಗ ಅರ್ಧ ರೊಕ್ಕ ನಂದು. ನನ್ನ ಕೈಯಾಗಿನ ಬಂಗಾರದ ಬಳಿ ಮಾರಿ ಭಾವಾರ ಕಡೆ ಹಾಕಿದ್ದೆ."

ನಾನು ಅವಳ ಕೈ ನೋಡಿದೆ, ಗಾಜಿನ ಬಳೆಗಳಷ್ಟೇ ಇದ್ದವು. "ಅವನ ಕಡೆ? ನಾನಿದ್ದೆನಲ್ಲ?"

"ನೀವು ಇದ್ದಿದ್ದಕ್ಕೇ ಅವರ ಕಡೆ ಹಾಕಿದ್ದು" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಅಕ್ಕ ಈಗ ಹೇಳಿದ್ಲು. ಯಾವನೋ ಹೊಟ್ಟಿಕಿಚ್ಚಿನವ ಗಿರಾಕಿ ಕಿವ್ಯಾಗ ವಾಸ್ತು ಸರಿಯಿಲ್ಲಂತ ಊದ್ಯಾನಂತ. ಅವನ ಮನಿ ಹಾಳಾಗ!" ಎಂದು ನೆಟಿಕೆ ಮುರಿದಳು.

"ಹಂಗ ಶಾಪ ಹಾಕಬ್ಯಾಡ" ಎಂದೆ. "ಪಾಪ, ಆ ಮನ್ಯಾಗ ಅವನ ಹೇಣ್ತಿನೂ ಇರತಾಳ."