ನಾಲ್ಕು ಪಟ್ಟು ಕ್ಲಿಯರ್

ಗೋಡೆಗೆ ಟಿವಿ ನೇತುಹಾಕೋಕೆ ಅಂತ ಹೋದ ಮನೆಯಲ್ಲಿ ನಗು ಬರುವಂಥದ್ದು ಒಂದಾದರೂ ನಡೆಯದೆ ನಾನು ಏಣಿ ಇಳಿದದ್ದು ಕಡಿಮೆ. ಕರ್ಮ ಏನಪ್ಪಾ ಅಂದ್ರೆ, ಅಲ್ಲೇ ನಿಂತು ನಗೋ ಹಾಗಿರಲ್ಲ. ರಾಮನಗರದ ಒಂದು ಟಿವಿ ಅಂಗಡಿಯಲ್ಲಿ ನಾನು ಮಾರೋನೂ ಹೌದು, ಫಿಟ್ ಮಾಡೋನೂ ಹೌದು. ಮಾರುವಾಗ ಬಿಟ್ಟ ಬುರುಡೆ ಏನಾಯ್ತು ಅಂತ ಫಿಟ್ ಮಾಡುವಾಗ ನಾನೇ ನೋಡಬೇಕು. ಫುಲ್ ಎಚ್‌ಡಿ ಹೋಗಿ ಫೋರ್‌ಕೆ ಬಂತು, ಈಗ ಏಟ್‌ಕೆ ಅಂತ ಬೇರೆ ಬಂದು ಕೂತಿದೆ. ನಮ್ಮ ಮಾತು ಮಾತ್ರ ಅವತ್ತಿಂದ ಒಂದೇ, ಹಳೇದಕ್ಕಿಂತ ನಾಲ್ಕು ಪಟ್ಟು ಕ್ಲಿಯರ್ ಸಾರ್.

೧. ಹೊಡೆದವನ ಮೀಸೆ

ಕನಕಪುರದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವರು ಒಬ್ಬರಿದ್ದಾರೆ. ಹಗಲೆಲ್ಲ ಬೇರೆಯವರಿಗೆ ಬ್ರೇಕ್ ತುಳಿಯೋದು ಕಲಿಸಿ, ಸಂಜೆ ಮನೆಗೆ ಬಂದು ಟಿವಿಯಲ್ಲಿ ಬಂದೂಕಿನ ಆಟ ಆಡುತ್ತಾರೆ. ಆಟಕ್ಕಿಳಿದು ಎರಡು ನಿಮಿಷ ಆಗಿರಲ್ಲ, ಯಾರೋ ಎಲ್ಲಿಂದಲೋ ಹೊಡೆದು ಸಾಯಿಸಿಬಿಡೋರಂತೆ. ಹೊಡೆಯೋನು ಕಾಣದೆ ಇರೋದು ಹಳೇ ಟಿವಿಯ ತಪ್ಪು ಅಂತ ಇವರ ವಾದ. ನಾನೂ ಹೌದೌದು ಅಂತ ತಲೆಯಾಡಿಸಿ ಫೋರ್‌ಕೆ ಮಾರಿದೆ. ವಾರ ಬಿಟ್ಟು ಸ್ಟ್ಯಾಂಡ್ ಬಿಗಿ ಮಾಡೋಕೆ ಹೋದಾಗ ಹೇಗಿದೆ ಸಾರ್ ಅಂದೆ. ಮುಖ ಗಂಟು ಹಾಕಿಕೊಂಡೇ ಕೂತಿದ್ದರು.

“ಹೊಡೆಯೋನ ಮೀಸೆ ಸಮೇತ ಕಾಣ್ತದೆ ಕಣಯ್ಯ. ಮುಂಚೆ ಗೊತ್ತಿಲ್ದೆ ಸಾಯ್ತಿದ್ದೆ, ಈಗ ನೋಡ್ಕಂಡು ಸಾಯ್ತಾ ಇದೀನಿ.”

೨. ಹನ್ನೊಂದನೇ ದಿನ

ಮಾಗಡಿ ಕಡೆ ಒಂದು ಮನೆ. ಯಜಮಾನರು ತೀರಿಕೊಂಡು ಅವತ್ತಿಗೆ ಹನ್ನೊಂದನೇ ದಿನ. ಫೋಟೋಗೆ ಕಟ್ಟು ಹಾಕಿಸೋಕೆ ಪುರಸೊತ್ತಾಗಲಿಲ್ಲ ಅಂತ, ಮೊಬೈಲಿನಲ್ಲಿದ್ದ ಫೋಟೋವನ್ನೇ ಹೊಸ ಟಿವಿಗೆ ಹಾಕಿಕೊಡು ಅಂತ ಅಳಿಯ ನನ್ನನ್ನ ಕರೆಸಿದ. ಹಾಕಿಕೊಟ್ಟೆ. ಐವತ್ತೈದು ಇಂಚಿನಲ್ಲಿ ಯಜಮಾನರ ಗಡ್ಡದ ಬಿಳಿ ಕೂದಲು ಒಂದೊಂದೂ ಎಣಿಸಬಹುದಿತ್ತು. ಟಿವಿಗೇ ಹಾರ ಹಾಕಿ, ಮುಂದೆ ಎಡೆ ಇಟ್ಟು, ಮನೆಯವರೆಲ್ಲ ಕಣ್ಣು ಮುಚ್ಚಿ ಕೈ ಮುಗಿದರು.

ರಿಮೋಟ್ ಮುಟ್ಟದೆ ಐದು ನಿಮಿಷ ಬಿಟ್ಟರೆ ಆ ಟಿವಿ ತಾನಾಗೇ ಬೇರೆ ಚಿತ್ರಕ್ಕೆ ಹೋಗುತ್ತೆ. ನನಗೆ ಅದು ಮರೆತೇಹೋಗಿತ್ತು. ಯಜಮಾನರು ಮಾಯವಾಗಿ, ಹಾರದೊಳಗೆ ಯಾವುದೋ ದೇಶದ ನೀಲಿ ಸಮುದ್ರ, ಬಿಳಿ ಮರಳು, ಎರಡು ತೆಂಗಿನಮರ. ನಾನು ಗಾಬರಿಯಾಗಿ ರಿಮೋಟಿಗೆ ಕೈ ಚಾಚುವಷ್ಟರಲ್ಲಿ ದೊಡ್ಡ ಮಗಳು ಕಣ್ಣು ಬಿಟ್ಟು, ಅಳುತ್ತಲೇ ನನ್ನ ಕೈ ತಡೆದರು.

“ತೆಗೀಬ್ಯಾಡ ಸುಮ್ನಿರಣ್ಣ. ಬದುಕಿದ್ದಾಗ ಸೋಲೂರು ದಾಟಿದೋರಲ್ಲ ನಮ್ಮಪ್ಪ. ಈಗ ಎಂಥಾ ಜಾಗಕ್ಕೋಗವ್ರೆ ನೋಡು.”

೩. ಪಾಯಸದ ಬಕೆಟ್

ಇದನ್ನ ನೆನೆಸಿಕೊಂಡರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತೆ. ಚನ್ನಪಟ್ಟಣದಲ್ಲಿ ಒಬ್ಬ ಅಜ್ಜ, ಮರದ ಗೊಂಬೆ ಕಡೆಯೋದರಲ್ಲೇ ಆಯುಸ್ಸು ಕಳೆದವರು. ಹೆಂಡತಿ ತೀರಿಕೊಂಡಿದ್ದರು. ಆಯಮ್ಮ ಕ್ಯಾಮೆರಾ ಕಂಡರೆ ಸಾಕು ಸೆರಗು ಅಡ್ಡ ಹಿಡಿಯೋರಂತೆ, ಮನೆಯಲ್ಲಿ ನೆಟ್ಟಗಿನ ಫೋಟೋ ಒಂದೂ ಇಲ್ಲ. ಇದ್ದದ್ದು ಆಕೆಯ ತಮ್ಮನ ಮದುವೆ ವಿಡಿಯೋ ಒಂದೇ, ಹಳೇ ಕ್ಯಾಸೆಟ್ಟಿನಿಂದ ಪೆನ್‌ಡ್ರೈವ್‌ಗೆ ಇಳಿಸಿದ್ದು. ಊಟದ ಪಂಕ್ತಿಯಲ್ಲಿ ಆಯಮ್ಮ ಪಾಯಸದ ಬಕೆಟ್ ಹಿಡಿದು ಬರುತ್ತಾರೆ, ಈ ಕಡೆ ತಿರುಗಿ ನಗುತ್ತಾರೆ, ಹೋಗುತ್ತಾರೆ. ಎಲ್ಲಾ ಸೇರಿ ನಾಲ್ಕು ಸೆಕೆಂಡು.

ಅಜ್ಜನ ಡಬ್ಬಾ ಟಿವಿಯಲ್ಲಿ ಆಕೆ ಹೆಬ್ಬೆರಳಷ್ಟು ಕಾಣುತ್ತಿದ್ದರು. ಆ ಮುಖವನ್ನ ಒಂದು ಸಲ ದೊಡ್ಡದಾಗಿ, ಸ್ಪಷ್ಟವಾಗಿ ನೋಡಬೇಕು, ಅಜ್ಜನಿಗೆ ಬೇಕಾಗಿದ್ದು ಅಷ್ಟೇ. ಅಂಗಡಿಗೆ ಬಂದು ನೇರವಾಗಿ ಕೇಳಿದರು.

“ಇದ್ರಾಗೆ ಅವಳ ಮುಖ ಚೆಂದಾಗಿ ಬತ್ತದೇನಪ್ಪ?”

ನಾಲ್ಕು ಪಟ್ಟು ಕ್ಲಿಯರ್ ಬರುತ್ತೆ ಯಜಮಾನ್ರೇ ಅಂದೆ. ಕ್ಯಾಸೆಟ್ಟಿನಲ್ಲಿ ಎಷ್ಟಿದೆಯೋ ಅಷ್ಟೇ ಬರೋದು, ಟಿವಿ ತಾನಾಗಿ ಹೊಸ ಮುಖ ಬರೆಯಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲ.

ಫೋರ್‌ಕೆ ಗೋಡೆಗೇರಿತು. ಮದುವೆ ಶುರುವಾಯಿತು. ಬಾಳೆಎಲೆ ಬಂತು, ಬಕೆಟ್ ಬಂತು, ಆಯಮ್ಮ ಬಂದರು. ಮುಖ ಇರಬೇಕಾದ ಕಡೆ ಬರೀ ಚೌಕ ಚೌಕ, ಕಣ್ಣು ಯಾವುದು ಮೂಗು ಯಾವುದು ತಿಳಿಯಲ್ಲ. ಅಜ್ಜ ಎದ್ದು ಹೋಗಿ ಪಂಚೆಯ ತುದಿಯಿಂದ ಪರದೆ ಒರೆಸಿದರು. ಧೂಳು ಅಂದುಕೊಂಡಿದ್ದರು.

ಹಳೇ ಟಿವಿಯನ್ನೇ ವಾಪಸ್ ತಂದುಕೊಡ್ತೀನಿ ಅಂತ ಅಂಗಡಿಗೆ ಓಡಿದೆ. ಹಿಂದಿನ ದಿನವೇ ಅದನ್ನ ಎಕ್ಸ್‌ಚೇಂಜಿಗೆ ತಗೊಂಡಿದ್ದೆವು. ಗುಜರಿಯವರು ತಾಮ್ರದ ಆಸೆಗೆ ಆಗಲೇ ಒಡೆದು ಹಾಕಿದ್ದರು.

ಮರುದಿನ ಬೆಳಿಗ್ಗೆ ಮತ್ತೆ ಹೋದೆ. ದೂರ ಹೋದಷ್ಟೂ ಆ ಚೌಕಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅಜ್ಜನ ಮನೆಯೋ ಎಂಟಡಿ ಅಗಲ. ಬಾಗಿಲಿಗೆ ಬಂದು ನೋಡಿದೆ, ಜಗಲಿಗೆ ಬಂದು ನೋಡಿದೆ, ಕೊನೆಗೆ ರಸ್ತೆ ದಾಟಿ ಎದುರಿನ ಕಲ್ಲುಚಪ್ಪಡಿ ಮೇಲೆ ಕೂತು ನೋಡಿದೆ. ಅಲ್ಲಿಂದ ಆಯಮ್ಮ ನಕ್ಕಿದ್ದು ಕಂಡಿತು. ಅಷ್ಟು ದೊಡ್ಡ ಟಿವಿಯಲ್ಲಿ ಮತ್ತೆ ಹೆಬ್ಬೆರಳಷ್ಟೇ ಆಗಿದ್ದರು, ಆದರೆ ಮುಖ ಮುಖವಾಗಿತ್ತು.

ಅಜ್ಜನನ್ನ ಅಲ್ಲಿ ಕೂರಿಸಿ, ರಿಮೋಟ್ ಹಿಡಿದು ನಾನು ಒಳಗೆ ನಿಂತೆ. ನಿಲ್ಲಿಸಿದರೆ ಚಿತ್ರ ನಡುಗಿಹೋಗುತ್ತೆ, ಓಡುವಾಗಲೇ ನೋಡಬೇಕು. ಬಕೆಟ್ ಬರೋ ಹೊತ್ತಿಗೆ ಸರಿಯಾಗಿ ಹಳ್ಳಿ ಬಸ್ಸು ಬಂದು ಅಡ್ಡ ನಿಂತಿತು. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ, ಹಾಲಿನ ವ್ಯಾನು ಬಂತು. ಮೂರನೇ ಸಲ ಹುಲ್ಲು ತುಂಬಿದ ಟ್ರ್ಯಾಕ್ಟರ್. ಅದರ ಡ್ರೈವರ್ ಬೇರೆ ಇಲ್ಲೇನ್ ನಡೀತೈತೆ ಅಂತ ಮುಂದೆ ಹೋಗದೆ ನಿಂತುಬಿಟ್ಟ.

ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು, ತಪ್ಪಾಯ್ತು ಯಜಮಾನ್ರೇ, ಅವತ್ತೇ ನಿಜ ಹೇಳಬೇಕಿತ್ತು ಅಂತ ಕೈ ಮುಗಿದೆ. ಅಜ್ಜ ಟ್ರ್ಯಾಕ್ಟರನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ ನಕ್ಕರು.

“ಬುಡಪ್ಪ. ಅವಳು ಇದ್ದಾಗ್ಲೂ ಇಂಗೇಯ. ಮನೆ ತುಂಬ ಜನ. ಕಣ್ತುಂಬ ನೋಡನ ಅನ್ನೋಷ್ಟ್ರಲ್ಲಿ ಯಾವನಾದ್ರೂ ಅಡ್ಡ ಬಂದ್ಬುಡೋನು.”