ಅರ್ಥ ಬೇಡ, ಅಕ್ಷರ ಹೇಳಿ

ಧೂಳಪ್ಪ ಪರೀಕ್ಷೆ ಮುಗಿಸಿ ನೆಟ್ಟಗೆ ಬಸ್ ಸ್ಟಾಪಿಗೆ ನಡೆದಿದ್ದರೆ ಸಂಜೆಯವರೆಗಾದರೂ ಸುಖವಾಗಿರುತ್ತಿದ್ದ. ಆದರೆ ಹಣೆಬರಹ ಕೇಳಬೇಕಲ್ಲ! ಗೇಟಿನ ಬಳಿ ನಾಲ್ಕೈದು ಹುಡುಗ ಹುಡುಗಿಯರು ಹಾಲ್ ಟಿಕೆಟ್ಟಿನ ಹಿಂದೆ ಬರೆದುಕೊಂಡ ಉತ್ತರಗಳನ್ನು ತಾಳೆ ನೋಡುತ್ತ ನಿಂತಿದ್ದರು. ಇವನೂ ತಾನು ಬರೆದುಕೊಂಡಿದ್ದ ಹಾಲ್ ಟಿಕೆಟ್ ಹಿಡಿದು ಹೋಗಿ ಪಕ್ಕದಲ್ಲಿ ನಿಂತ.

ಧೂಳಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತು ವರ್ಷದಿಂದ ಲೈಬ್ರರಿಯಲ್ಲಿ ಧೂಳು ಹೊಡೆಯುವ ಅಟೆಂಡರಿಗೆ ಓದುಗರು ಇಟ್ಟದ್ದು. ಧೂಳು ಹೊಡೆದ ಪುಸ್ತಕವನ್ನೆಲ್ಲ ಅವನು ಓದಿಯೂ ಇದ್ದ. ಸಾಹಿತ್ಯದ ಪರೀಕ್ಷೆ ಪಾಸಾದರೆ ಕೌಂಟರಿನ ಕುರ್ಚಿ ಸಿಗುತ್ತಿತ್ತು. ಪುಸ್ತಕ ಒರೆಸುವುದು ಬಿಟ್ಟು ಪುಸ್ತಕ ಕೊಡುವ ಕೆಲಸ. ಎರಡು ಸಲ ಕೂತು ಎರಡು ಸಲವೂ ಡುಮ್ಕಿ ಹೊಡೆದಿದ್ದ. ಹಿಂದಿನ ಸಲವಂತೂ ಒಂದೇ ಪದ್ಯದ ಬಗ್ಗೆ ಹದಿನೇಳು ಪುಟ ಬರೆದು ತಲೆ ಎತ್ತುವಷ್ಟರಲ್ಲಿ ಗಂಟೆ ಹೊಡೆದಿತ್ತು. ಬರುವ ತಿಂಗಳು ವಯಸ್ಸಿನ ಮಿತಿ ದಾಟುತ್ತದೆ. ಇದೇ ಕೊನೇ ಸಲ.

ಪುಣ್ಯಕ್ಕೆ ಈ ವರ್ಷದಿಂದ ಪರೀಕ್ಷೆ ಹೊಸ ಥರದ್ದು. ನಲವತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಎ ಬಿ ಸಿ ಡಿ. ಉತ್ತರದ ಹಾಳೆಯಲ್ಲಿ ಸರಿಯಾದ ಅಕ್ಷರದ ಗುಂಡನ್ನು ಕಪ್ಪು ಮಾಡಿದರೆ ಯಂತ್ರ ಓದಿಕೊಳ್ಳುತ್ತದೆ. ಇಪ್ಪತ್ತು ಸರಿಯಾದರೆ ಪಾಸು. ಪಕ್ಕದ ಮನೆಯ ರಿಟೈರ್ಡ್ ಹೆಡ್‌ಮಾಸ್ತರು ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದಲೇ ಉಪದೇಶ ಮಾಡಿದ್ದರು. "ಎರಡು ಪೆನ್ನು ಇಟ್ಕೋ. ನೀರು ಕಮ್ಮಿ ಕುಡಿ. ಹಾಳೆ ಮೇಲ್ಗಡೆ ತುಂಬೋದು ಏನಾದ್ರೂ ಗೊತ್ತಾಗ್ಲಿಲ್ಲ ಅಂದ್ರೆ ಮುಂದಿನವರನ್ನ ನೋಡ್ಕೊಂಡು ತುಂಬು, ನಾಚ್ಕೋಬೇಡ. ಉತ್ತರ ಮಾತ್ರ ಸ್ವಂತ ಬುದ್ಧಿಯಿಂದ ಬರಿ." ಅವನು ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದ್ದ.

"ಹದಿನೇಳು? ನಂದು ಬಿ" ಎಂದಳು ಕನ್ನಡಕದ ಹುಡುಗಿ. ಪರೀಕ್ಷೆಯ ಹಾಲಿನಲ್ಲಿ ಅವನ ಮುಂದಿನ ಬೆಂಚಿನಲ್ಲೇ ಕೂತಿದ್ದವಳು. ಕಾಲೇಜಿನಲ್ಲಿ ಪ್ರತಿ ವರ್ಷ ಫಸ್ಟ್ ಬರುತ್ತಿದ್ದವಳಂತೆ.

"ನಂದೂ ಬಿ."

"ನಂದೂ ಅದೇ" ಎಂದಳು ಹೆಡ್‌ಮಾಸ್ತರ ಮೊಮ್ಮಗಳು.

ಧೂಳಪ್ಪನದು ಡಿ.

"ಅಲ್ಲಮ್ಮಾ, ಹದಿನೇಳು ಅಂದ್ರೆ ಆ ಮುದುಕಿ ರಾತ್ರಿಯೆಲ್ಲ ಬಾಗಿಲು ತೆಗೆದಿಡೋ ಪದ್ಯ ಅಲ್ವಾ? ಅದರ ಅರ್ಥ..."

"ಅಯ್ಯೋ ಅಂಕಲ್, ಅರ್ಥ ಕಟ್ಕೊಂಡು ಏನ್ಮಾಡ್ತೀರ? ಅಕ್ಷರ ಹೇಳಿ, ಅಕ್ಷರ!"

ಅವನು ಅಕ್ಷರ ಹೇಳಲಿಲ್ಲ. ಕನ್ನಡಕದವಳು ಮತ್ತೆ ಒಂದರಿಂದ ಓದುತ್ತ ಹೋದಳು, ಉಳಿದವರು "ನಂದೂ, ನಂದೂ" ಎಂದು ತಲೆಯಾಡಿಸಿದರು, ಇವನು ಬೆರಳು ಮಡಿಚುತ್ತ ಹೋದ. ನಲವತ್ತರಲ್ಲಿ ಹೊಂದಿದ್ದು ಆರು. ಪ್ರಶ್ನೆಪತ್ರಿಕೆಯನ್ನಾದರೂ ಮತ್ತೊಮ್ಮೆ ನೋಡೋಣವೆಂದರೆ ಅದನ್ನು ಹಾಲಿನಲ್ಲೇ ವಾಪಸ್ ತೆಗೆದುಕೊಂಡಿದ್ದರು.

ಅರ್ಧ ದಿನದ ರಜೆ ಮುಗಿಸಿ ಅವನು ಲೈಬ್ರರಿಗೆ ಹೋದಾಗ ಮುಖ ನೋಡಿಯೇ ಲೈಬ್ರರಿಯನ್ನರಿಗೆ ಗೊತ್ತಾಯಿತು. "ಎಷ್ಟು ಬರುತ್ತಯ್ಯಾ?"

"ಆರು, ಸಾರ್."

"ಅರವತ್ತಾ?"

"ಬರೀ ಆರು."

ಅವನು ಪದ್ಯವನ್ನು ಹೇಳಿಯೇಬಿಟ್ಟ. "ಮುದುಕಿ ಬಾಗಿಲು ತೆಗೆದಿಡ್ತಾಳೆ ಅಂದ್ರೆ ಯಾರಿಗೋ ಕಾಯ್ತಿದಾಳೆ ಅಂತ ತಾನೇ ಸಾರ್ ಅರ್ಥ?"

"ಥೂ, ಅದು ಸಾವು! ಪದ್ಯದಲ್ಲಿ ಬಾಗಿಲು ಬಂದ್ರೆ ಸಾವೇ" ಎಂದರು ಲೈಬ್ರರಿಯನ್.

ದಿನಾ ಪೇಪರ್ ಓದಲು ಬರುವ ತಾತ ಕೂತಲ್ಲಿಂದಲೇ ಬಾಯಿ ಹಾಕಿದ. "ಸಾವೂ ಇಲ್ಲ ಮಣ್ಣೂ ಇಲ್ಲ. ರಾತ್ರಿ ಬಾಗಿಲು ತೆಗೆದಿಟ್ರೆ ಕಳ್ಳ ಬರ್ತಾನೆ. ಅಷ್ಟೂ ಗೊತ್ತಾಗಲ್ವೇನೋ ನಿಂಗೆ?"

ಇಪ್ಪತ್ತು ವರ್ಷ ಓದಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂದು ಧೂಳಪ್ಪನಿಗೆ ಅಳು ಬಂತು. ಓದಿದ ಒಂದೊಂದು ಪುಸ್ತಕವನ್ನೂ ತಪ್ಪಾಗಿಯೇ ಓದಿದ್ದೆನೇನೋ! ಲೈಬ್ರರಿಯನ್ನರಿಗೂ ಪಾಪ ಎನಿಸಿತು. ಬೀರುವಿನಿಂದ ಹೊಸ ಪೊರಕೆಯೊಂದನ್ನು ತೆಗೆದು ಅವನ ಕೈಗಿಟ್ಟರು. "ನಿನ್ನ ಜಾಗಕ್ಕೆ ಬರೋ ಹೊಸಬನಿಗೆ ಅಂತ ತರಿಸಿದ್ದೆ. ಹೋಗ್ಲಿ, ನೀನೇ ಇಟ್ಕೋ."

ಪೊರಕೆ ಹಿಡಿದು ಮನೆಗೆ ಬಂದರೆ, ಹೆಂಡತಿ ಕೌಂಟರಿನ ಕುರ್ಚಿಗೆಂದು ಹೊಲಿದ ಹೂವಿನ ದಿಂಬು ಮಂಚದ ಮೇಲೆ ಕಣ್ಣಿಗೆ ಹೊಡೆಯುವಂತೆ ಕೂತಿತ್ತು. ಅವನು ಅದನ್ನು ಮಗುಚಿ ಇಟ್ಟ. ಅವಳಿಗೆ ಅಷ್ಟು ಸಾಕಾಯಿತು.

"ಊಟ ಮಾಡಿ. ಪರೀಕ್ಷೆ ಹೋದ್ರೆ ಪ್ರಾಣ ಹೋಗುತ್ತಾ?" ಎಂದಳು.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಇದನ್ನು ಕೇಳಿಸಿಕೊಂಡ ಹೆಡ್‌ಮಾಸ್ತರು ಸಮಾಧಾನ ಹೇಳಲು ಬಂದರು. "ನೋಡು, ನಿನಗೆ ಸಾಹಿತ್ಯ ಒಗ್ಗಲ್ಲ ಅಂತ ನನಗೆ ಮೊದ್ಲೇ ಗೊತ್ತಿತ್ತು" ಎಂದು ಸಮಾಧಾನ ಶುರುವಾಯಿತು. ಅದು ಮುಗಿಯುವ ಮೊದಲೇ ಅವರ ಮೊಮ್ಮಗಳು ಫೋನು ಹಿಡಿದು ಓಡಿ ಬಂದಳು.

"ಮಾಮಾ! ಸರಿ ಉತ್ತರದ ಪಟ್ಟಿ ಬಿಟ್ಟಿದಾರೆ! ಪ್ರಶ್ನೆಪತ್ರಿಕೆ ನಾಲ್ಕು ಸೆಟ್ ಇತ್ತಂತೆ, ಎ ಬಿ ಸಿ ಡಿ. ಪ್ರಶ್ನೆ ಅವೇ, ಉತ್ತರಗಳ ಸಾಲು ಮಾತ್ರ ಹಿಂದೆ ಮುಂದೆ. ಕನ್ನಡಕದವಳದ್ದು ಎ, ನಲವತ್ತಕ್ಕೆ ನಲವತ್ತೂ ಸರಿಯಂತೆ. ನಂದು ಸಿ."

"ಮತ್ತೆ ಗೇಟಲ್ಲಿ ಎಲ್ಲಾದಕ್ಕೂ ನಂದೂ ನಂದೂ ಅಂದ್ಯಲ್ಲಮ್ಮಾ?"

"ಮರ್ಯಾದೆ ಪ್ರಶ್ನೆ ಮಾಮಾ. ನಂದು ಒಂಬತ್ತೇ ಹೊಂದಿದ್ದು. ಬಸ್ಸಲ್ಲಿ ಅತ್ಕೊಂಡು ಬಂದೆ. ನಿಮ್ಮದು ಯಾವ ಸೆಟ್ಟು?"

ಧೂಳಪ್ಪನಿಗೆ ಫಕ್ಕನೆ ನೆನಪಾಯಿತು. "ಪ್ರಶ್ನೆಪತ್ರಿಕೆ ಮೂಲೇಲಿ ದೊಡ್ಡದಾಗಿ ಡಿ ಅಂತಿತ್ತು. ನಾನು ಡಿಪಾರ್ಟ್‌ಮೆಂಟಿನ ಡಿ ಅಂದ್ಕೊಂಡೆ."

ಹಾಲ್ ಟಿಕೆಟ್ ಬಂತು, ತಾಳೆ ನೋಡಿದರು. ಹದಿನೇಳನೆಯದು ಡಿ: ನಿರೀಕ್ಷೆ. ಸರಿ! ನಲವತ್ತಕ್ಕೆ ಮೂವತ್ತೇಳು ಸರಿ! ಹೆಂಡತಿ ದಿಂಬನ್ನು ನೆಟ್ಟಗೆ ಮಾಡಿ ಎರಡು ಸಲ ತಟ್ಟಿದಳು. ಹೆಡ್‌ಮಾಸ್ತರು "ಇವನು ಗೆಲ್ತಾನೆ ಅಂತ ನಾನು ಮೊದ್ಲೇ ಹೇಳಿರ್ಲಿಲ್ವಾ?" ಎಂದರು. ಧೂಳಪ್ಪ ಮಾತ್ರ ಆ ಮುದುಕಿಗಾಗಿ, ತನಗಾಗಿ, ಇಬ್ಬರಿಗೂ ಸೇರಿಸಿ ಕಣ್ಣೊರೆಸಿಕೊಂಡ.

ಹೆಡ್‌ಮಾಸ್ತರು ಕನ್ನಡಕ ಏರಿಸಿ ಫೋನಿನಲ್ಲಿ ಕೊನೆಯ ಸಾಲು ಓದಿದರು. "ಹಾಳೆಯ ಮೇಲ್ಭಾಗದಲ್ಲಿ ಅಭ್ಯರ್ಥಿ ತುಂಬಿದ ಸೆಟ್ಟಿನ ಪ್ರಕಾರವೇ ಯಂತ್ರ ಅಂಕ ಕೊಡುತ್ತದೆ. ತಿದ್ದುಪಡಿಗೆ ಅವಕಾಶವಿಲ್ಲ." ಆಮೇಲೆ ಧೂಳಪ್ಪನ ಕಡೆ ತಿರುಗಿದರು. "ಸೆಟ್ಟಿನ ಗುಂಡು ಸರಿಯಾಗಿ ತುಂಬಿದ್ದೀಯಷ್ಟೇ?"

ಧೂಳಪ್ಪ ಹಾಲ್ ಟಿಕೆಟ್ಟನ್ನು ಮಡಿಚಿ ಜೇಬಿಗಿಟ್ಟ.

"ಹೆಸರು ನಂದೇ ಬರೆದೆ ಸಾರ್. ನಂಬರೂ ನಂದೇ. ಅದರ ಪಕ್ಕ ಇನ್ನೂ ನಾಲ್ಕು ಗುಂಡು ಇದ್ವು. ಅದೇನು ಅಂತ ಗೊತ್ತಾಗ್ಲಿಲ್ಲ."

"ಮತ್ತೆ?"

"ನೀವೇ ಹೇಳಿದ್ರಲ್ಲ ಸಾರ್. ಮುಂದಿನ ಹುಡುಗೀನ ನೋಡ್ಕೊಂಡು ತುಂಬಿದೆ."

ಹೆಡ್‌ಮಾಸ್ತರಿಗೆ ಮನೆಯಲ್ಲಿ ಅರ್ಜೆಂಟು ಕೆಲಸ ನೆನಪಾಗಿ ಎದ್ದು ಹೋದರು. ಮೊಮ್ಮಗಳು ಎ ಸೆಟ್ಟಿನ ಉತ್ತರ ತೆಗೆದು ಮೊದಲಿನಿಂದ ಎಣಿಸಲು ಶುರುಮಾಡಿದಳು.

"ಬೇಡಮ್ಮಾ, ಅದು ಮಧ್ಯಾಹ್ನವೇ ಎಣಿಸಿ ಆಗಿದೆ" ಎಂದ ಧೂಳಪ್ಪ. "ಆರು."